ಸಾಂಟಾ ಆನಾದ ಹುಡುಗರ ಕಡಲು

1963ರ ಮೇ 18, ಶನಿವಾರ. ಅಮೆರಿಕದ ಎಬಿಸಿ ಟೆಲಿವಿಷನ್ನಿನಲ್ಲಿ ಲಾರೆನ್ಸ್ ವೆಲ್ಕ್‌ನ ಸಂಗೀತ ಕಾರ್ಯಕ್ರಮ ನಡೆಯುತ್ತಿದೆ. ಅಕಾರ್ಡಿಯನ್ನು, ಪೋಲ್ಕಾ, ವಾಲ್ಟ್ಸು, ವೇದಿಕೆಯ ಮೇಲೆ ತೇಲುವ ಸಾಬೂನಿನ ಗುಳ್ಳೆಗಳು. ಊಟ ಮುಗಿಸಿ ಕೂತ ಅಜ್ಜ ಅಜ್ಜಿಯರಿಗೆಂದೇ ಮಾಡಿದ ಹಾಗಿದ್ದ, ಬಲು ಮರ್ಯಾದಸ್ಥ ಕಾರ್ಯಕ್ರಮ ಅದು. ರಾಕ್ ಅಂಡ್ ರೋಲ್ ಎಂಬುದಕ್ಕೆ ಆ ಮನೆಯಲ್ಲಿ ಪ್ರವೇಶವಿರಲಿಲ್ಲ. ಆ ದಿನ ಮಾತ್ರ ಐದು ಜನ ಹುಡುಗರು ಬಂದು ನಿಂತರು. ಒಂದಕ್ಷರವನ್ನೂ ಹಾಡದೆ ಎರಡು ನಿಮಿಷ ಚಿಲ್ಲರೆಯ ಒಂದು ಟ್ಯೂನ್ ನುಡಿಸಿದರು, ಹೋದರು. ವೆಲ್ಕ್‌ನ ಕಾರ್ಯಕ್ರಮ ಆಮೇಲೂ 1982ರವರೆಗೆ ನಡೆಯಿತು. ಅಲ್ಲಿ ನುಡಿಸಿದ ಒಂದೇ ಒಂದು ರಾಕ್ ತಂಡ ಎಂಬ ಬಿರುದು ಈ ಹುಡುಗರಿಗೆ ಅಂಟಿಕೊಂಡು ಉಳಿಯಿತು.

ತಂಡದ ಹೆಸರು ಚಾಂಟೇಸ್. ನುಡಿಸಿದ್ದು 'ಪೈಪ್‌ಲೈನ್'. ಅದಕ್ಕೆ ಎರಡು ವಾರ ಮುಂಚೆ ಆ ಟ್ಯೂನ್ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಏರಿತ್ತು. ಬ್ರಿಟನ್ನಿನಲ್ಲೂ 16ನೇ ಸ್ಥಾನ ಕಂಡಿತು. ಅಲ್ಲಿಂದ ಮುಂದೆ ಚಾಂಟೇಸ್‌ಗೆ ಅಂಥ ದಿನ ಮತ್ತೆ ಬರಲಿಲ್ಲ.

ಟ್ಯೂನ್ ಗೊತ್ತಿರುವವರಿಗೆ ತಂಡ ಗೊತ್ತಿರುವುದಿಲ್ಲ. ನಮ್ಮ ಕಾಲದ ಬೆಂಗಳೂರಿನಲ್ಲಿ ಗಿಟಾರ್ ಹುಚ್ಚು ಹಿಡಿದವರ ಕೈಯಲ್ಲಿ ವೆಂಚರ್ಸ್ ತಂಡದ ಕ್ಯಾಸೆಟ್ಟು ಓಡಾಡುತ್ತಿತ್ತು. ಅದರಲ್ಲಿ 'ಪೈಪ್‌ಲೈನ್' ಇತ್ತು, ಹಾಗಾಗಿ ಅದು ವೆಂಚರ್ಸ್‌ನದೇ ಆಗಿಹೋಗಿತ್ತು. ಅದನ್ನು ಕಟ್ಟಿದವರು ಇನ್ಯಾರೋ ಇದ್ದಾರೆ, ಅವರು ಆಗ ಮೀಸೆ ಮೂಡುವ ವಯಸ್ಸಿನ ಶಾಲಾ ಹುಡುಗರಾಗಿದ್ದರು ಎಂದು ಯಾರಾದರೂ ಹೇಳಿದ್ದರೆ ನಾವು ನಂಬುತ್ತಿರಲಿಲ್ಲವೋ ಏನೋ. ದೊಡ್ಡ ತಂಡದ ಜೇಬಿಗೆ ಚಿಕ್ಕವರ ಟ್ಯೂನ್ ಬಿದ್ದು ಕಾಣೆಯಾಗುವುದು ಎಲ್ಲ ಊರಿನ ಕಥೆ. ಆದರೆ ಈ ಐವರ ವಿಚಾರದಲ್ಲಿ ಕಾಣೆಯಾದದ್ದು ಹೆಸರು ಮಾತ್ರ ಅಲ್ಲ. ಅವರನ್ನು ಸಾಕಿದ ಒಂದು ಸೀಮೆಯೇ ಕಾಣೆಯಾಯಿತು. ನನಗೆ ಸಂಕಟವಾಗುವುದು ಅದಕ್ಕೆ.

ಅಲೆಯ ಮೇಲೆ ಹಲಗೆ ಹತ್ತಿ ನಿಲ್ಲುವ ಸರ್ಫಿಂಗ್ ಆಟವನ್ನು ಇಂದು ಕನ್ನಡಿಗರಿಗೆ ವಿವರಿಸಬೇಕಿಲ್ಲ. ಮುಲ್ಕಿಯ ಕಡಲ ಬದಿಗೆ ಹೋದರೆ ಹಲಗೆ ಹೊತ್ತು ಓಡುವ ಹುಡುಗ ಹುಡುಗಿಯರು ಕಾಣುತ್ತಾರೆ. ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ ಈ ಆಟದ ಹುಚ್ಚು ಐವತ್ತರ ದಶಕದ ಕೊನೆಗೆ ಏರಿತು. 1961ರ ಹೊತ್ತಿಗೆ ಆ ಹುಚ್ಚಿಗೆ ತನ್ನದೇ ಸಂಗೀತವೂ ಬೇಕೆನಿಸಿತು. ಅದರಲ್ಲಿ ಎರಡು ಕವಲು. ಒಂದು ಹಾಡಿನದು, ಬೀಚ್ ಬಾಯ್ಸ್, ಜ್ಯಾನ್ ಅಂಡ್ ಡೀನ್ ಮುಂತಾದವರದು: ಬಿಸಿಲು, ಹುಡುಗಿಯರು, ಕಾರು, ಕಡಲು ಎಲ್ಲವನ್ನೂ ಬಾಯಿಬಿಟ್ಟು ಹೇಳುವಂಥದ್ದು. ಇನ್ನೊಂದು ಮಾತಿಲ್ಲದ್ದು, ಬರೀ ಗಿಟಾರಿನದು. ಮೊದಲನೆಯದು ಇಡೀ ಜಗತ್ತಿಗೆ ತಲುಪಿ ಶ್ರೀಮಂತವಾಯಿತು. ಎರಡನೆಯದು ಮೂರು ನಾಲ್ಕು ವರ್ಷ ಬಾಳಿ, ಆ ಸೀಮೆಯ ಡ್ಯಾನ್ಸ್ ಹಾಲುಗಳಲ್ಲೇ ಬೆವರಿ ಮುಗಿಯಿತು. ನನ್ನ ಕಿವಿ ಯಾವತ್ತೂ ಎರಡನೆಯದರ ಪಕ್ಷ. ಬೀಚ್ ಬಾಯ್ಸ್‌ನ ಐವರಲ್ಲಿ ನಿಜವಾಗಿ ಅಲೆ ಹತ್ತುತ್ತಿದ್ದವನು ಡ್ರಮ್ ಬಾರಿಸುತ್ತಿದ್ದ ಡೆನಿಸ್ ವಿಲ್ಸನ್ ಒಬ್ಬನೇ. ಉಳಿದವರು ಕಡಲನ್ನು ಹಾಡಿದರು, ಅಷ್ಟೆ. ಮಾತಿಲ್ಲದ ಕವಲಿನವರಿಗೆ ಹಾಗೆ ಹೇಳಿ ಪಾರಾಗುವ ಅವಕಾಶವಿರಲಿಲ್ಲ. ನೀರಿನ ಭಾರವನ್ನು ತಂತಿಯಲ್ಲೇ ತರಬೇಕಿತ್ತು.

ಆ ತಂತಿ ಎಲ್ಲಿಂದ ಬಂತು ಎಂದು ನೋಡಬೇಕು. ಲಾಸ್ ಏಂಜಲೀಸ್‌ನ ದಕ್ಷಿಣಕ್ಕೆ ಆರೆಂಜ್ ಕೌಂಟಿ. ಹೆಸರೇ ಹೇಳುವಂತೆ ಕಿತ್ತಳೆ ತೋಟಗಳ ಸೀಮೆ. 1955ರಲ್ಲಿ ಅಲ್ಲಿನ ಅನಹೈಮ್‌ನಲ್ಲಿ ತೋಟ ಕಡಿದು ಡಿಸ್ನಿಲ್ಯಾಂಡ್ ಕಟ್ಟಿದರು. ಉಳಿದ ತೋಟಗಳಲ್ಲಿ ಒಂದೇ ಅಚ್ಚಿನ ಮನೆಗಳು ಏಳತೊಡಗಿದವು. ಆ ಮನೆಗಳ ಗ್ಯಾರೇಜುಗಳಲ್ಲಿ, ಕಾರು ಹೊರಗೆ ನಿಲ್ಲಿಸಿ, ಹುಡುಗರು ತಾಲೀಮು ನಡೆಸುತ್ತಿದ್ದರು. ಕೌಂಟಿಯ ಕೇಂದ್ರ ಸ್ಥಳ ಸಾಂಟಾ ಆನಾ. ಅಲ್ಲಿನ ಹೈಸ್ಕೂಲಿನಲ್ಲಿ, ನಮ್ಮ ಲೆಕ್ಕಕ್ಕೆ ಪಿಯುಸಿ ಅನ್ನಿ, ಬಾಬ್ ಸ್ಪಿಕಾರ್ಡ್, ಬ್ರಯನ್ ಕಾರ್ಮನ್, ವಾರೆನ್ ವಾಟರ್ಸ್, ರಾಬ್ ಮಾರ್ಷಲ್, ಬಾಬ್ ವೆಲ್ಚ್ ಓದುತ್ತಿದ್ದರು.

ಅದೇ ಕೌಂಟಿಯ ಫುಲರ್ಟನ್‌ನಲ್ಲಿ ಲಿಯೊ ಫೆಂಡರ್‌ನ ಕಾರ್ಖಾನೆ. ರೇಡಿಯೊ ರಿಪೇರಿ ಅಂಗಡಿಯಿಂದ ಶುರುಮಾಡಿದ ಮನುಷ್ಯ. ಜಗತ್ತಿನ ಅರ್ಧ ಗಿಟಾರಿಗರ ಕೈಗೆ ವಾದ್ಯ ಕೊಟ್ಟವನಿಗೆ ಸ್ವತಃ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆ ಕಾರ್ಖಾನೆಯ ಪರೀಕ್ಷಕ, ಒಂದರ್ಥದಲ್ಲಿ ಹಿಂಸಕ, ಡಿಕ್ ಡೇಲ್. ಲೆಬನಾನ್ ಮೂಲದ ತಂದೆಯ ಮಗ, ಎಡಗೈಯವನು. ಬಲಗೈಯವರಿಗೆ ಕಟ್ಟಿದ ತಂತಿಗಳನ್ನು ಹಾಗೆಯೇ ಬಿಟ್ಟು ಗಿಟಾರನ್ನು ತಿರುಗಿಸಿ ಹಿಡಿದು ನುಡಿಸುತ್ತಿದ್ದ. ಅವನ ಕೈಗೆ ಸಿಕ್ಕ ಆಂಪ್ಲಿಫೈಯರ್‌ಗಳು ಒಂದೊಂದಾಗಿ ಸುಟ್ಟುಹೋಗುತ್ತಿದ್ದವು, ಸ್ಪೀಕರ್ ಹರಿಯುತ್ತಿದ್ದವು. ಫೆಂಡರ್ ಪ್ರತಿ ಸಲವೂ ಇನ್ನಷ್ಟು ಗಟ್ಟಿಯದನ್ನು ಮಾಡಿಕೊಡುತ್ತಿದ್ದ. 1961ರಲ್ಲಿ ಕಾರ್ಖಾನೆಯಿಂದ ಇನ್ನೊಂದು ಪೆಟ್ಟಿಗೆ ಹೊರಬಂತು: ರಿವರ್ಬ್. ಒಳಗೆ ವಾಲ್ವುಗಳು, ಉದ್ದನೆಯ ಸ್ಪ್ರಿಂಗುಗಳು. ಗಿಟಾರಿನ ಸದ್ದು ಆ ಸ್ಪ್ರಿಂಗುಗಳ ಮೂಲಕ ಹಾದು ಒಂಚೂರು ತಡವಾಗಿ, ಅದುರುತ್ತ ಹೊರಬರುತ್ತದೆ. ಡೇಲ್ ಅದನ್ನು ಕೇಳಿದ್ದು ಮೊದಲು ತನ್ನ ಹಾಡಿನ ದನಿಗಾಗಿ. ಗಿಟಾರಿಗೆ ಜೋಡಿಸಿದ ಮೇಲೆ ತಿಳಿಯಿತು, ಸ್ವರ ಒದ್ದೆಯಾಗುತ್ತದೆ. ಗಿಟಾರಿಗರು ಇಂದಿಗೂ ಆ ಸದ್ದನ್ನು ಒದ್ದೆ, ಇಲ್ಲದ್ದನ್ನು ಒಣಗಿದ್ದು ಎಂದೇ ಕರೆಯುತ್ತಾರೆ. ಪೆಟ್ಟಿಗೆಯನ್ನು ಒಮ್ಮೆ ಕಾಲಿನಿಂದ ಒದ್ದರೆ ಒಳಗಿನ ಸ್ಪ್ರಿಂಗುಗಳು ಒಂದಕ್ಕೊಂದು ಬಡಿದು ಅಲೆ ಬಂಡೆಗೆ ಅಪ್ಪಳಿಸಿದ ಸದ್ದೇ ಬರುತ್ತಿತ್ತು. ಕೆಲವರು ಬೇಕೆಂದೇ ಒದೆಯುತ್ತಿದ್ದರು.

ಡೇಲ್ ನುಡಿಸುತ್ತಿದ್ದದ್ದು ಬಾಲ್ಬೋವಾದ ರಾಂಡೆವೂ ಬಾಲ್‌ರೂಮಿನಲ್ಲಿ. 1928ರಲ್ಲಿ ಕಡಲ ದಂಡೆಯ ಮೇಲೆ ಕಟ್ಟಿದ ದೊಡ್ಡ ನೃತ್ಯಶಾಲೆ. ಸ್ಟಾನ್ ಕೆಂಟನ್‌ನ ಜಾಜ್ ವಾದ್ಯವೃಂದ ಹೆಸರು ಮಾಡಿದ್ದೂ ಅಲ್ಲೇ. ರಾಕ್ ನುಡಿಸುವವರಿಗೆ ಅದನ್ನು ಕೊಡಲು ಊರಿನ ಹಿರಿಯರಿಗೆ ಭಯ. ಬರುವ ಹುಡುಗರು ಟೈ ಕಟ್ಟಿರಬೇಕು ಎಂಬ ಷರತ್ತು ಹಾಕಿದರಂತೆ. ಕಡಲಿನಿಂದ ನೇರ ಬರಿಗಾಲಲ್ಲಿ ಬಂದ ಹುಡುಗರಿಗೆ ಬಾಗಿಲಲ್ಲೇ ಟೈ ಹಂಚುತ್ತಿದ್ದೆವು ಎಂದು ಡೇಲ್ ಮುಂದೆ ಹೇಳಿಕೊಳ್ಳುತ್ತಿದ್ದ. ಡೇಲ್‌ನ ಮಾತುಗಳಿಗೆ ಸ್ವಲ್ಪ ಉಪ್ಪು ಖಾರ ಹೆಚ್ಚು. ಇದನ್ನು ಮಾತ್ರ ನಂಬಲು ನನಗೆ ಇಷ್ಟ.

ಸಾಂಟಾ ಆನಾದ ಹುಡುಗರಿಗೆ ಆಸೆ ಹುಟ್ಟಿಸಿದ್ದು ಡೇಲ್ ಅಲ್ಲ, ಅವರ ಊರಿನದೇ ಇನ್ನೊಂದು ತಂಡ, ರಿದಮ್ ರಾಕರ್ಸ್. ಊರಿನಲ್ಲೇ ನುಡಿಸಿ ಊರಿನಲ್ಲೇ ಹೆಸರು ಮಾಡಿದ ತಂಡ ಅದು. ಅವರನ್ನು ನೋಡಿ, ನಾವೂ ಯಾಕೆ ಮಾಡಬಾರದು ಎಂದುಕೊಂಡು 1961ರಲ್ಲಿ ಐವರು ಸೇರಿದರು. ನಮ್ಮಲ್ಲಿ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ ನೋಡಿ, ಮುಂದಿನ ವರ್ಷದ ಹೊತ್ತಿಗೆ ಪಕ್ಕದ ಬೀದಿಯ ಹುಡುಗರೂ ಕೀಬೋರ್ಡು, ರಿದಮ್ ಪ್ಯಾಡು ಬಾಡಿಗೆಗೆ ತಂದು ಒಂದು ಆರ್ಕೆಸ್ಟ್ರಾ ಕಟ್ಟುತ್ತಿದ್ದರಲ್ಲ, ಅದೇ ಧಾಟಿ. ದೂರದ ತಾರೆಯನ್ನು ನೋಡಿದರೆ ಅಭಿಮಾನ ಹುಟ್ಟುತ್ತದೆ. ಮೂರು ಬೀದಿ ಆಚೆಯವನನ್ನು ನೋಡಿದರೆ ಹೊಟ್ಟೆಕಿಚ್ಚು ಹುಟ್ಟುತ್ತದೆ, ಅದರಿಂದ ತಂಡ ಹುಟ್ಟುತ್ತದೆ.

ಸ್ಪಿಕಾರ್ಡ್ ಲೀಡ್ ಗಿಟಾರ್, ಕಾರ್ಮನ್ ರಿದಮ್ ಗಿಟಾರ್, ವಾಟರ್ಸ್ ಬೇಸ್, ವೆಲ್ಚ್ ಡ್ರಮ್ಸ್. ಮಾರ್ಷಲ್‌ನದು ಎಲೆಕ್ಟ್ರಿಕ್ ಪಿಯಾನೊ. ಈ ಕೊನೆಯದು ಮುಖ್ಯ. ಗಿಟಾರುಗಳ ಆ ಲೋಕದಲ್ಲಿ ಪಿಯಾನೊಗೆ ದೊಡ್ಡ ಜಾಗವಿರಲಿಲ್ಲ. ಇದ್ದ ಗೆಳೆಯನಿಗೆ ಬರುತ್ತಿದ್ದದ್ದು ಅದು, ಆದ್ದರಿಂದ ಅದೂ ಇತ್ತು. ಅಂಥ ಆಕಸ್ಮಿಕಗಳಿಂದಲೇ ತಂಡಕ್ಕೆ ಮುಖ ಬರುವುದು.

ಸ್ಪಿಕಾರ್ಡ್ ಮತ್ತು ಕಾರ್ಮನ್ ಕೂಡಿ ಆ ಟ್ಯೂನ್ ಕಟ್ಟಿದಾಗ ಅವರ ಮನಸ್ಸಿನಲ್ಲಿ ಕಡಲು ಇರಲೇ ಇಲ್ಲ. ಆಗ ತಾನೇ ಜಾನ್ ಫೋರ್ಡ್‌ನ 'ದ ಮ್ಯಾನ್ ಹೂ ಶಾಟ್ ಲಿಬರ್ಟಿ ವ್ಯಾಲೆನ್ಸ್' ಬಂದಿತ್ತು. ಅದರಲ್ಲಿ ಚಾವಟಿ ಬೀಸುವ ಖಳ ಲಿಬರ್ಟಿ ವ್ಯಾಲೆನ್ಸ್. ಟ್ಯೂನಿಗೆ ಅವನ ಚಾವಟಿಯ ಹೆಸರಿಟ್ಟರು. ಆಮೇಲೆ ಒಂದು ಸರ್ಫಿಂಗ್ ಚಿತ್ರ ನೋಡಿದರು. ಆ ಕಾಲದಲ್ಲಿ ಇಂಥ ಚಿತ್ರಗಳನ್ನು ಥಿಯೇಟರಿಗಿಂತ ಹೆಚ್ಚಾಗಿ ಶಾಲೆಯ ಸಭಾಂಗಣಗಳಲ್ಲಿ ತೋರಿಸುತ್ತಿದ್ದರು. ಚಿತ್ರ ತೆಗೆದವನೇ ಪಕ್ಕದಲ್ಲಿ ನಿಂತು ವಿವರಣೆ ಹೇಳುವುದೂ ಇತ್ತು. ಪರದೆಯ ಮೇಲೆ ಹವಾಯಿಯ ಓಹು ದ್ವೀಪದ ಬಾನ್ಜೈ ಪೈಪ್‌ಲೈನ್. ಹವಳದ ಬಂಡೆಯ ಮೇಲೆ ಅಲೆ ಎದ್ದು, ಬಾಗಿ, ಒಳಗೆ ಟೊಳ್ಳಾದ ಕೊಳವೆಯಾಗಿ ಉರುಳುವ ಜಾಗ. ಅದನ್ನು ನೋಡಿದ ಮೇಲೆ ಚಾವಟಿ ಹೋಯಿತು, 'ಪೈಪ್‌ಲೈನ್' ಬಂತು. ಟ್ಯೂನಿನಲ್ಲಿ ಒಂದು ಸ್ವರವೂ ಬದಲಾಗಬೇಕಾಗಲಿಲ್ಲ. ಮೇಲಿನಿಂದ ಸರ್ರನೆ ಜಾರಿ ಕೆಳಗಿನ ತಂತಿಗೆ ಬಂದು ಬೀಳುವ ಅದರ ಆರಂಭವನ್ನು ಕೇಳಿ ಈಗ ಯಾರೂ ಚಾವಟಿ ನೆನೆಯುವುದಿಲ್ಲ. ಎಲ್ಲರ ಕಣ್ಣಿಗೂ ಬರುವುದು ನೀರೇ.

ರೆಕಾರ್ಡ್ ಮಾಡಿದ್ದು 1962ರಲ್ಲಿ, ಕುಕಮೊಂಗಾ ಎಂಬ ದ್ರಾಕ್ಷಿ ತೋಟಗಳ ಊರಿನ ಪ್ಯಾಲ್ ಸ್ಟುಡಿಯೊದಲ್ಲಿ. ಸ್ಟುಡಿಯೊ ಎಂದರೆ ಹಾಲಿವುಡ್ಡಿನ ಗಾಜಿನ ಅರಮನೆ ಅಲ್ಲ. ಆರ್ಚಿಬಾಲ್ಡ್ ಅವೆನ್ಯೂ ಎಂಬ ರಸ್ತೆಯ ಬದಿಯ ಒಂದು ಸಾದಾ ಕಟ್ಟಡ. ಅದನ್ನು ನಡೆಸುತ್ತಿದ್ದವನು ಪಾಲ್ ಬಫ್. ಮರೀನ್ ಪಡೆಯಲ್ಲಿದ್ದಾಗ ಎಲೆಕ್ಟ್ರಾನಿಕ್ಸ್ ಕಲಿತು ಬಂದವನು. ದೊಡ್ಡ ಸ್ಟುಡಿಯೊಗಳಲ್ಲೇ ಎರಡು, ಮೂರು ಟ್ರ್ಯಾಕಿನ ಯಂತ್ರಗಳಿದ್ದ ಕಾಲದಲ್ಲಿ ತನ್ನ ಕೈಯಾರೆ ಐದು ಟ್ರ್ಯಾಕಿನ ಯಂತ್ರ ಕಟ್ಟಿಕೊಂಡಿದ್ದ. ಗ್ಲೆಂಡೋರಾದ ಇನ್ನೊಂದು ಹುಡುಗರ ತಂಡ ಸರ್ಫಾರಿಸ್, ಡ್ರಮ್ಮಿನ ಆ ಮಹಾ ಗದ್ದಲ 'ವೈಪ್ ಔಟ್' ರೆಕಾರ್ಡ್ ಮಾಡಿದ್ದೂ ಇದೇ ಗೋಡೆಗಳ ನಡುವೆ. ಒಂದೇ ವರ್ಷದಲ್ಲಿ ಒಂದು ಹಳ್ಳಿಗಾಡಿನ ಸ್ಟುಡಿಯೊದಿಂದ ಅಮೆರಿಕದ ಪಟ್ಟಿಯ 2ನೇ ಮತ್ತು 4ನೇ ಸ್ಥಾನಕ್ಕೆ ಏರಿದ ಎರಡು ಟ್ಯೂನುಗಳು. ಎರಡನ್ನೂ ನುಡಿಸಿದವರು ಶಾಲೆಗೆ ಹೋಗುವ ಹುಡುಗರು.

'ಪೈಪ್‌ಲೈನ್'ನ ಗುಟ್ಟು ಅದರ ಮಿಶ್ರಣದಲ್ಲಿದೆ. ಸಾಮಾನ್ಯವಾಗಿ ಇಂಥ ಟ್ಯೂನುಗಳಲ್ಲಿ ಲೀಡ್ ಗಿಟಾರ್ ಮತ್ತು ಡ್ರಮ್ ಮುಂದೆ ನಿಂತು ಎದೆ ತಟ್ಟಿಕೊಳ್ಳುತ್ತವೆ. ಇಲ್ಲಿ ಲೆಕ್ಕ ತಿರುಗುಮುರುಗು. ಬೇಸು, ರಿದಮ್ ಗಿಟಾರು, ಎಲೆಕ್ಟ್ರಿಕ್ ಪಿಯಾನೊ ಮುಂದೆ. ಲೀಡ್ ಗಿಟಾರು ಮತ್ತು ಡ್ರಮ್ಮು ಹಿಂದೆ, ದೂರದಲ್ಲಿ. ರಾಗ ಹೇಳುವವನು ದೂರ ನಿಂತು ಹೇಳುತ್ತಾನೆ, ಓಡಿಸುವವನು ಕಿವಿಯ ಪಕ್ಕದಲ್ಲೇ ಓಡಿಸುತ್ತಾನೆ. ಕಾರ್ಮನ್‌ನ ಮಂದ್ರದ ತಂತಿ ನಿಲ್ಲದೆ ದಡಬಡಿಸುತ್ತದೆ. ನಡುವೆ ಮಾರ್ಷಲ್‌ನ ಪಿಯಾನೊ ಬಂದು ನಿಧಾನಕ್ಕೆ ಒಂದು ತಣ್ಣನೆ ಜಾಗ ತೆರೆಯುತ್ತದೆ. ಮೈನರ್ ಸ್ವರಶ್ರೇಣಿ, ಹಾಗಾಗಿ ಎಲ್ಲೂ ಉಲ್ಲಾಸದ ಗಂಧವಿಲ್ಲ. ಕ್ಯಾಲಿಫೋರ್ನಿಯದ ಬಿಸಿಲಿನ ಬಗ್ಗೆ ಎಷ್ಟೋ ಹಾಡು ಬಂದವು. ನೀರೊಳಗಿನ ಕತ್ತಲೆಯ ಬಗ್ಗೆ, ಕೊಳವೆ ಮುಚ್ಚಿಕೊಂಡರೆ ಏನು ಗತಿ ಎಂಬ ದಿಗಿಲಿನ ಬಗ್ಗೆ ಏನಾದರೂ ಬಂದಿದ್ದರೆ ಇದೇ. ಹದಿನಾರು ಹದಿನೇಳರ ಹುಡುಗರು ಅದನ್ನು ಯೋಚಿಸಿ ಮಾಡಿದರು ಎಂದು ನಾನು ಹೇಳುವುದಿಲ್ಲ. ಆ ವಯಸ್ಸಿನಲ್ಲಿ ಯೋಚಿಸಿ ಮಾಡುವುದು ಕಡಿಮೆ, ಕೈಗೆ ಬಂದದ್ದನ್ನು ಬಿಡದೆ ಹಿಡಿಯುವುದೇ ಹೆಚ್ಚು.

ರೆಕಾರ್ಡ್ ಹೊರತಂದದ್ದು ಡೌನಿ ಎಂಬ ಊರಿನ ಒಂದು ರೆಕಾರ್ಡ್ ಅಂಗಡಿ, ವೆನ್ಜೆಲ್ಸ್ ಮ್ಯೂಸಿಕ್ ಟೌನ್. ಅಂಗಡಿಯವರದೇ ಒಂದು ಪುಟ್ಟ ಲೇಬಲ್ಲು, ಅದಕ್ಕೆ ಊರಿನದೇ ಹೆಸರು. ಅಂಗಡಿಯವನೇ ಲೇಬಲ್ ಮಾಲೀಕ ಎಂದರೆ ಏನರ್ಥ ನೋಡಿ. ಕೌಂಟರಿನ ಆಚೆ ನಿಂತ ಹುಡುಗಿ ಯಾವ ರೆಕಾರ್ಡನ್ನು ಎರಡನೇ ಸಲ ಕೇಳಿಸಲು ಹೇಳಿದಳು ಎಂದು ಅವನಿಗೆ ಕಣ್ಣೆದುರೇ ಗೊತ್ತು. ಯಾವ ಶಾಲೆಯ ಹುಡುಗರು ಯಾವ ತಂಡದ ಹಿಂದೆ ಬಿದ್ದಿದ್ದಾರೆ ಎಂದೂ ಗೊತ್ತು. ಟ್ಯೂನ್ ಸುತ್ತಲ ರೇಡಿಯೊಗಳಲ್ಲಿ ಹತ್ತಿಕೊಂಡ ಮೇಲೆ ದೊಡ್ಡ ಕಂಪನಿ ಡಾಟ್ ಅದನ್ನು ಪಡೆದು ದೇಶಕ್ಕೆಲ್ಲ ಹಂಚಿತು. ಲಾರೆನ್ಸ್ ವೆಲ್ಕ್‌ನ ರೆಕಾರ್ಡುಗಳನ್ನು ಮಾರುತ್ತಿದ್ದದ್ದೂ ಅದೇ ಡಾಟ್. ಅಜ್ಜ ಅಜ್ಜಿಯರ ವೇದಿಕೆಗೆ ಈ ಹುಡುಗರು ಬಂದದ್ದು ಯಾವ ಪವಾಡದಿಂದಲೂ ಅಲ್ಲ, ಒಂದೇ ಕಂಪನಿಯ ಎರಡು ಸರಕು ಒಂದೇ ಅಂಗಳದಲ್ಲಿ ಭೇಟಿಯಾದವು.

ಶಾಲೆ, ಗ್ಯಾರೇಜು, ಗಿಟಾರಿನ ಕಾರ್ಖಾನೆ, ಕುಣಿಯುವ ಹಾಲು, ಸ್ಟುಡಿಯೊ, ರೆಕಾರ್ಡ್ ಅಂಗಡಿ. ಸಾಂಟಾ ಆನಾದಿಂದ ಹೊರಟರೆ ಇವಿಷ್ಟೂ ಅಪ್ಪನ ಕಾರಿನಲ್ಲಿ ಗಂಟೆ ಸುಮಾರಿನ ದಾರಿ. ಬೆಳಿಗ್ಗೆ ಹೋಗಿ ಸಂಜೆ ಊಟದ ಹೊತ್ತಿಗೆ ಮನೆಗೆ ಬರಬಹುದು. ಹುಡುಗರ ಪ್ರತಿಭೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ಅಷ್ಟು ಪ್ರತಿಭೆ ಯಾವ ಊರಿನ ಯಾವ ಶಾಲೆಯಲ್ಲಾದರೂ ಒಬ್ಬಿಬ್ಬರಿಗೆ ಇರುತ್ತದೆ. ಇಲ್ಲಿ ಅದು ಪ್ರತಿ ಹೆಜ್ಜೆಗೂ ಒಂದು ತೆರೆದ ಬಾಗಿಲು ಕಂಡಿತು. ಬಾಗಿಲಲ್ಲಿ ನಿಂತವರೂ ತಮ್ಮಂಥವರೇ: ರೇಡಿಯೊ ರಿಪೇರಿಯವನು, ಸೈನ್ಯದಿಂದ ಬಂದ ಮೆಕ್ಯಾನಿಕ್, ಅಂಗಡಿಯವನು.

ಹಿಟ್ ಆದ ಮೇಲಿನ ಕಥೆ ಬೇಗ ಹೇಳಿ ಮುಗಿಸಬಹುದು, ಅದು ನಡೆದದ್ದೂ ಬೇಗ. ಶಾಲೆ ಮುಗಿಯುವ ಮುಂಚೆಯೇ ಅಮೆರಿಕದಲ್ಲೂ ಜಪಾನಿನಲ್ಲೂ ಸುತ್ತಿದರು. ರೈಚಸ್ ಬ್ರದರ್ಸ್, ರಾಯ್ ಆರ್ಬಿಸನ್ ಜೊತೆ ಒಂದೇ ವೇದಿಕೆ ಹಂಚಿಕೊಂಡರು. ಮುಂದಿನ ಸಿಂಗಲ್ಲಿಗೆ ಇಟ್ಟ ಹೆಸರು 'ಮಾನ್ಸೂನ್'. ಬೇಸಿಗೆಯಲ್ಲಿ ಹನಿ ಮಳೆ ಕಾಣದ ಸೀಮೆಯ ಹುಡುಗರಿಗೆ ಮಾನ್ಸೂನ್ ಎಂದರೆ ಏನು ಹೊಳೆದಿತ್ತೋ! ಮೃಗಶಿರಾ ಬರುತ್ತದೋ ಇಲ್ಲವೋ ಎಂದು ಆಕಾಶ ನೋಡುವ ನಮ್ಮಂಥವರು ಆ ಹೆಸರು ನೋಡಿ ಆಸೆಯಿಂದ ರೆಕಾರ್ಡ್ ಹಾಕಿದರೆ ಸಿಗುವುದು ಅಂಥ ದೊಡ್ಡ ಮಳೆಯೇನಲ್ಲ, ಚುರುಕಾದ ಒಂದು ಸೋನೆ. ಅದು ಪಟ್ಟಿ ಹತ್ತಲಿಲ್ಲ. ಆಮೇಲಿನವೂ ಹತ್ತಲಿಲ್ಲ. 1964ರಲ್ಲಿ ಬಂದ ಎರಡನೇ ಎಲ್‌ಪಿಯ ಹೆಸರು 'ಟೂ ಸೈಡ್ಸ್ ಆಫ್ ದ ಚಾಂಟೇಸ್'. ತಮಗೆ ಹಾಡಲೂ ಬರುತ್ತದೆ ಎಂದು ತೋರಿಸುವ ಆತುರ ಅದರಲ್ಲಿದೆ. ಪಾಪ, ಹಾಡಿದರು. ಸಭ್ಯವಾಗಿಯೇ ಹಾಡಿದರು. ಅಂಥ ದನಿಗಳು ಆಗ ಪ್ರತಿ ಶಾಲೆಯಲ್ಲೂ ಇದ್ದವು. 'ಪೈಪ್‌ಲೈನ್'ನ ಆ ಕತ್ತಲೆ ಮಾತ್ರ ಬೇರೆಲ್ಲೂ ಇರಲಿಲ್ಲ.

ಆತುರಕ್ಕೆ ಕಾರಣವಿತ್ತು. 1964ರ ಫೆಬ್ರವರಿ 9ರಂದು ಬೀಟಲ್ಸ್ ಟೆಲಿವಿಷನ್ನಿನ ಎಡ್ ಸುಲಿವಾನ್ ಶೋದಲ್ಲಿ ಕಾಣಿಸಿಕೊಂಡರು. ಏಪ್ರಿಲ್ ಮೊದಲ ವಾರದ ಹೊತ್ತಿಗೆ ಬಿಲ್‌ಬೋರ್ಡ್‌ನ ಮೊದಲ ಐದು ಸ್ಥಾನಗಳೂ ಅವರವೇ. ಅಮೆರಿಕದ ಗ್ಯಾರೇಜುಗಳಲ್ಲಿದ್ದ ಹುಡುಗರೆಲ್ಲ ರಾತ್ರೋರಾತ್ರಿ ಕೂದಲು ಬಿಟ್ಟು ಮೈಕಿನ ಮುಂದೆ ನಿಂತರು. ಮಾತಿಲ್ಲದೆ ನುಡಿಸುವ ತಂಡ ಎಂದರೆ ಹಾಡುಗಾರ ಇನ್ನೂ ಸಿಗದ ತಂಡ ಎಂಬ ಅರ್ಥ ಬಂದುಬಿಟ್ಟಿತು. ಆ ಮೊದಲು ಹಾಗಿರಲಿಲ್ಲ. 1962ರ ಡಿಸೆಂಬರಿನಲ್ಲಿ ಪಟ್ಟಿಯ ತುದಿಯಲ್ಲಿ ಕೂತದ್ದು ಬ್ರಿಟನ್ನಿನ ಟಾರ್ನೆಡೋಸ್ ತಂಡದ 'ಟೆಲ್‌ಸ್ಟಾರ್', ಅದರಲ್ಲೂ ಪದವಿಲ್ಲ. ಬುಕರ್ ಟಿ ತಂಡದ 'ಗ್ರೀನ್ ಆನಿಯನ್ಸ್', ಅದರಲ್ಲೂ ಇಲ್ಲ. ಬರೀ ವಾದ್ಯ ಕೇಳಿ ಜನ ರೆಕಾರ್ಡ್ ಕೊಳ್ಳುತ್ತಿದ್ದ ಕಾಲ ಒಂದಿತ್ತು ಎಂದರೆ ಈಗಿನವರಿಗೆ ಸೋಜಿಗ.

ತಂಡದಲ್ಲಿ ಜನ ಬದಲಾದರು. ವೆಲ್ಚ್ ಬಿಟ್ಟ ಡ್ರಮ್ಮಿನ ಹಿಂದೆ ಬಂದು ಕೂತವನು ಸ್ಟೀವ್ ಖಾನ್, ಹಾಲಿವುಡ್ಡಿನ ಪ್ರಸಿದ್ಧ ಗೀತರಚನಕಾರ ಸ್ಯಾಮಿ ಕಾನ್‌ನ ಮಗ. ಅವನು ಮುಂದೆ ಡ್ರಮ್ ಬಿಟ್ಟು ಗಿಟಾರ್ ಹಿಡಿದ, ಜಾಜ್ ಲೋಕದಲ್ಲಿ ದೊಡ್ಡ ಹೆಸರಾದ. ಗಿಟಾರಿನಿಂದ ಬಾಳಿದ ತಂಡದಲ್ಲಿ ಇದ್ದಷ್ಟು ದಿನವೂ ಅವನ ಕೈಯಲ್ಲಿದ್ದದ್ದು ಕೋಲುಗಳೇ!

ಈಗ ಆ ಹುಡುಗರಿಗೆ ತೆರೆದಿದ್ದ ಬಾಗಿಲುಗಳ ವಿಷಯ. 1964ರಲ್ಲಿ ಪಾಲ್ ಬಫ್ ತನ್ನ ಸ್ಟುಡಿಯೊವನ್ನು ಫ್ರಾಂಕ್ ಜಪ್ಪ ಎಂಬ ಯುವಕನಿಗೆ ಬಿಟ್ಟುಕೊಟ್ಟ. ಜಪ್ಪನ ಪ್ರಚಂಡ ಬದುಕು ಬೇರೆಯೇ ಪುರಾಣ. ಅವನ ಕೈಯಲ್ಲೂ ಅದು ಹೆಚ್ಚು ದಿನ ಉಳಿಯಲಿಲ್ಲ, ರಸ್ತೆ ಅಗಲ ಮಾಡುವಾಗ ಕಟ್ಟಡವೇ ಹೋಯಿತು. 1965ರ ಜನವರಿಯಲ್ಲಿ ಲಿಯೊ ಫೆಂಡರ್ ತನ್ನ ಕಂಪನಿಯನ್ನು 1.3 ಕೋಟಿ ಡಾಲರಿಗೆ ಟೆಲಿವಿಷನ್ ಕಂಪನಿ ಸಿಬಿಎಸ್‌ಗೆ ಮಾರಿದ. ಅಲ್ಲಿಂದ ಮುಂದಿನ ಗಿಟಾರುಗಳನ್ನೂ ಅದಕ್ಕೆ ಹಿಂದಿನವನ್ನೂ ಬಲ್ಲವರು ಇಂದಿಗೂ ಬೇರೆ ಬೇರೆ ಬೆಲೆಗೆ ಕೊಳ್ಳುತ್ತಾರೆ. 1966ರ ಆಗಸ್ಟಿನಲ್ಲಿ ರಾಂಡೆವೂ ಬಾಲ್‌ರೂಮ್ ಬೆಂಕಿಗೆ ಆಹುತಿಯಾಯಿತು. ಮತ್ತೆ ಕಟ್ಟಲಿಲ್ಲ. ಕಡಲ ಮುಂದಿನ ಆ ಜಾಗದಲ್ಲಿ ಮನೆಗಳೆದ್ದವು. ಕಿತ್ತಳೆ ತೋಟಗಳಂತೂ ಹೆಸರಿಗಷ್ಟೆ. ಕುಕಮೊಂಗಾದ ದ್ರಾಕ್ಷಿ ತೋಟಗಳ ಮೇಲೆ ದೊಡ್ಡ ದೊಡ್ಡ ಗೋದಾಮುಗಳು ಬಂದವು. ಯಾರೂ ಯಾವುದನ್ನೂ ದ್ವೇಷದಿಂದ ಕೆಡವಲಿಲ್ಲ. ರಸ್ತೆ ಬೇಕಿತ್ತು, ಮನೆ ಬೇಕಿತ್ತು, ಮಾಲೀಕನಿಗೆ ಆರೋಗ್ಯದ ಚಿಂತೆಯಿತ್ತು. ಒಂದೊಂದನ್ನೇ ನೋಡಿದರೆ ದೂರುವುದಕ್ಕೆ ಏನೂ ಇಲ್ಲ.

ಟ್ಯೂನ್ ಮಾತ್ರ ಊರೂರು ಅಲೆಯಿತು. ವೆಂಚರ್ಸ್ ನುಡಿಸಿದರು. ನ್ಯೂಯಾರ್ಕಿನ ಪಂಕ್ ಹುಡುಗ ಜಾನಿ ಥಂಡರ್ಸ್ 1978ರ ತನ್ನ ಆಲ್ಬಮ್ಮನ್ನು ಅದರಿಂದಲೇ ಶುರುಮಾಡಿದ. ಹೆವಿ ಮೆಟಲ್ಲಿನ ಆಂಥ್ರಾಕ್ಸ್ ಕೂಡ ಬಿಡಲಿಲ್ಲ. 1987ರಲ್ಲಿ 'ಬ್ಯಾಕ್ ಟು ದ ಬೀಚ್' ಚಿತ್ರಕ್ಕಾಗಿ ಡಿಕ್ ಡೇಲ್ ಮತ್ತು ಸ್ಟೀವಿ ರೇ ವಾನ್ ಒಟ್ಟಿಗೆ ನುಡಿಸಿದರು, ಗ್ರ್ಯಾಮಿಗೆ ನಾಮನಿರ್ದೇಶನವೂ ಆಯಿತು. ಇಬ್ಬರೂ ಮಹಾ ಗಿಟಾರಿಗರು, ಒಬ್ಬರಿಗಿಂತ ಒಬ್ಬರು ಜೋರು. ಕೇಳಲು ಮಜವಿದೆ. ಆದರೆ ಅದು ಪೈಲ್ವಾನರ ಕುಸ್ತಿ, ಮೂಲದ ದಿಗಿಲು ಅದರಲ್ಲಿ ಉಳಿದಿಲ್ಲ.

ಆ ಕಾಲದ ಒದ್ದೆ ಗಿಟಾರು ನಮ್ಮ ಕಡೆಗೂ ಹನಿಸದೆ ಹೋಗಲಿಲ್ಲ. 1965ರ 'ಗುಮ್‌ನಾಮ್' ಹಿಂದಿ ಚಿತ್ರದ ಆರಂಭದ ಕುಣಿತದ ಹಾಡು ನೋಡಿದ್ದೀರಲ್ಲ? ಸಂಗೀತ ಶಂಕರ್-ಜೈಕಿಶನ್, ಹಾಡಿದ್ದು ಮೊಹಮ್ಮದ್ ರಫಿ, ಮುಖವಾಡ ತೊಟ್ಟು ಹುಚ್ಚೆದ್ದು ಕುಣಿಯುವವಳು ಲಕ್ಷ್ಮೀ ಛಾಯಾ. ಹಿಂದೆ ಗಿಟಾರ್ ಹಿಡಿದು ನಿಂತವರು ಟೆಡ್ ಲಯನ್ಸ್ ಅಂಡ್ ಹಿಸ್ ಕಬ್ಸ್ ಎಂಬ ತಂಡ. ಆ ಗಿಟಾರಿನ ಓಟ ಕ್ಯಾಲಿಫೋರ್ನಿಯದ ಡ್ಯಾನ್ಸ್ ಹಾಲುಗಳ ನೆಂಟನೇ. 2001ರಲ್ಲಿ 'ಘೋಸ್ಟ್ ವರ್ಲ್ಡ್' ಎಂಬ ಅಮೆರಿಕನ್ ಚಿತ್ರ ಆ ಹಾಡನ್ನೇ ಮೊದಲಿಗೆ ಹಾಕಿಕೊಂಡಿತು. ಆ ತಂಡದವರ ಕಥೆಯೂ ಚಾಂಟೇಸ್‌ನವರದಕ್ಕಿಂತ ಬೇರೆಯಲ್ಲ: ಹಾಡು ಎಲ್ಲರಿಗೂ ಗೊತ್ತು, ನುಡಿಸಿದವರ ಹೆಸರು ಹೇಳುವವರು ವಿರಳ.

1994ರಲ್ಲಿ 'ಪಲ್ಪ್ ಫಿಕ್ಷನ್' ಬಂತು. ಡೇಲ್‌ನ ಹಳೆಯ 'ಮಿಸರ್‌ಲೂ' ಅದರ ಆರಂಭದಲ್ಲಿ ಸಿಡಿಯಿತು, ಹಳೆಯ ಸರ್ಫ್ ತಂಡಗಳಿಗೆಲ್ಲ ಒಂದು ಮರುಜೀವ ಬಂತು. ನಡುವಯಸ್ಸು ದಾಟುತ್ತಿದ್ದ ಚಾಂಟೇಸ್ ಅದೇ ವರ್ಷ 'ನೆಕ್ಸ್ಟ್ ಸೆಟ್' ಎಂಬ ಆಲ್ಬಮ್, 1997ರಲ್ಲಿ 'ವೇಟಿಂಗ್ ಫಾರ್ ದ ಟೈಡ್' ಎಂಬ ಇನ್ನೊಂದು ಹೊರತಂದರು. 1996ರಲ್ಲಿ ಸಂಗೀತಗಾರರನ್ನು ಗೌರವಿಸುವ ಹಾಲಿವುಡ್ಡಿನ ರಾಕ್‌ವಾಕ್‌ನಲ್ಲಿ ಅವರಿಗೂ ಜಾಗ ಸಿಕ್ಕಿತು. ಬಳಿಕವೂ ಆ ಸೀಮೆಯ ಬೇಸಿಗೆ ಮೇಳಗಳಲ್ಲಿ ನುಡಿಸುತ್ತಿದ್ದರು. ಜನ ಕಾಯುತ್ತಿದ್ದದ್ದು ಒಂದೇ ಟ್ಯೂನಿಗೆ ಎಂದು ನುಡಿಸುವವರಿಗೂ ಗೊತ್ತಿತ್ತು. 2015ರ ಮಾರ್ಚ್ 1ರಂದು ಬ್ರಯನ್ ಕಾರ್ಮನ್ ತೀರಿಕೊಂಡ, ವಯಸ್ಸು 69. ಅದೇ ತಿಂಗಳು ಪಾಲ್ ಬಫ್ ಕೂಡ ಹೋದ. ಬಫ್ ಸ್ಟುಡಿಯೊ ಬಿಟ್ಟ ಮೇಲೆ ಸದ್ದಿನ ಯಂತ್ರಗಳನ್ನು ಮಾಡಿದ್ದ, ಆಮೇಲೆ ಅದನ್ನೂ ಬಿಟ್ಟು ಫೋಟೊಗ್ರಾಫರುಗಳಿಗೆ ಫ್ಲ್ಯಾಶ್ ದೀಪ ಮಾಡುವ ಕಂಪನಿ ಕಟ್ಟಿದ್ದ. ಅವನ ದೀಪ ಹಿಡಿದು ಮದುವೆ ಫೋಟೊ ತೆಗೆದ ಎಷ್ಟು ಜನರಿಗೆ ಅವನ ಕೈಯಿಂದ ಯಾವ ಅಲೆ ದಾಟಿತ್ತೆಂದು ಗೊತ್ತಿತ್ತೋ. 2019ರಲ್ಲಿ ಡೇಲ್.

ಇವತ್ತಿನ ಹುಡುಗನಿಗೆ ಅನುಕೂಲ ಕಡಿಮೆಯೇನಲ್ಲ. ಫೋನಿನಲ್ಲೇ ಸ್ಟುಡಿಯೊ ಇದೆ, ಐದಲ್ಲ, ಬೇಕಾದಷ್ಟು ಟ್ರ್ಯಾಕುಗಳಿವೆ. ಸ್ಪ್ರಿಂಗಿನ ಆ ಒದ್ದೆ ಸದ್ದಿಗೂ ಒಂದು ಗುಂಡಿ ಇದೆ. ಹಾಡು ಮುಗಿದ ಮರುಗಳಿಗೆ ಇಡೀ ಭೂಮಿಗೆ ಬಿಡಬಹುದು. ಇಲ್ಲದೇ ಇರುವುದು ಆ ಗಂಟೆ ದಾರಿಯ ಊರು. ಇಡೀ ಭೂಮಿಗೆ ಹಾಡು ಬಿಟ್ಟವನಿಗೆ ಮೂರು ಬೀದಿ ಆಚೆಯ ಪ್ರತಿಸ್ಪರ್ಧಿ ಇರುವುದಿಲ್ಲ, ಶನಿವಾರ ಸಂಜೆ ಟೈ ಕಟ್ಟಿಕೊಂಡು ಬಂದು ಕುಣಿಯುವ ಸಹಪಾಠಿಗಳಿರುವುದಿಲ್ಲ, ಎರಡನೇ ಸಲ ಕೇಳಿಸಲು ಹೇಳುವ ಹುಡುಗಿಯ ಮುಖ ಕಾಣುವುದಿಲ್ಲ. ಅವನು ಹೋಲಿಸಿಕೊಳ್ಳಬೇಕಾದ್ದು ಜಗತ್ತಿನ ಅತ್ಯುತ್ತಮರ ಜೊತೆ, ಮೊದಲ ದಿನದಿಂದಲೇ. 1961ರ ಸಾಂಟಾ ಆನಾದಲ್ಲಿ ಆ ಐವರು ಹಾಗೆ ಹೋಲಿಸಿಕೊಂಡಿದ್ದರೆ ಗಿಟಾರ್ ಗೋಡೆಗೆ ಒರಗಿಸಿ ಪರೀಕ್ಷೆಗೆ ಓದುತ್ತಿದ್ದರು.

ಮೂಲ 'ಪೈಪ್‌ಲೈನ್' ಕೇಳುವವರಿಗೆ ಒಂದು ಮಾತು. ವೆಂಚರ್ಸ್‌ನದನ್ನು ಮೊದಲು ಹಾಕಬೇಡಿ, ಅದು ಹೆಚ್ಚು ನುಣುಪು, ಕಿವಿ ಅದಕ್ಕೇ ಒಗ್ಗಿಬಿಡುತ್ತದೆ. ಚಾಂಟೇಸ್‌ನದೇ ಹಾಕಿ. ಸಾಧ್ಯವಾದರೆ ಸ್ಟೀರಿಯೊದಲ್ಲಿ, ಹೆಡ್‌ಫೋನ್ ಹಾಕಿಕೊಂಡು. ಮೊದಲ ಜಾರುವಿಕೆ ಆದ ಮೇಲೆ ರಾಗದ ಹಿಂದೆ ಹೋಗಬೇಡಿ, ಅದು ಹೇಗೂ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ. ಕೆಳಗಿನ ತಂತಿಯ ಜೊತೆ ಇರಿ, ಕಾರ್ಮನ್‌ನ ಕೈ ಎಲ್ಲೂ ಸುಸ್ತಾಗುವುದಿಲ್ಲ. ಪಿಯಾನೊ ಬಂದಾಗ ಗಮನಿಸಿ: ಮಾರ್ಷಲ್ ತನ್ನ ಪಾಲಿನದನ್ನು ಒಂದಿಷ್ಟೂ ಎಳೆಯದೆ, ತೋರಿಸಿಕೊಳ್ಳದೆ ನುಡಿಸಿ ಗಿಟಾರಿಗೆ ದಾರಿ ಬಿಡುತ್ತಾನೆ. ಆಮೇಲೆ ಬೇಕಿದ್ದರೆ 'ಮಾನ್ಸೂನ್' ಕೂಡ ಒಮ್ಮೆ ಹಾಕಿ. ದೊಡ್ಡ ಮಳೆಯಲ್ಲ ಎಂದೆ, ನಿಜ. ಆದರೂ ಆ ಹುಡುಗರು ಇನ್ನೊಂದು ಹಿಟ್ ಬಂದೇ ಬರುತ್ತದೆಂದು ನಂಬಿ ನುಡಿಸಿದ್ದಾರೆ, ಆ ನಂಬಿಕೆ ಅದರಲ್ಲಿ ಕೇಳಿಸುತ್ತದೆ.